ಭಾಷಾ ಶಿಕ್ಷಕರ ಸ್ವಯಂ ತರಬೇತಿ: ತರಗತಿಯಲ್ಲೇ ಸಿಗುವ ಸಾಧನಗಳನ್ನು ಬಳಸುವ ಬಗೆ

ರಾಯಚೂರು ಜಿಲ್ಲೆಯ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಯರಮರಸ್‌ನಲ್ಲಿದೆ, ಕೊಪ್ಪಳ ಜಿಲ್ಲೆಯದು ಮುನಿರಾಬಾದಿನಲ್ಲಿದೆ. ಲಿಂಗಸುಗೂರು ತಾಲ್ಲೂಕಿನ ತಾಂಡಾದ ಶಾಲೆಯಿಂದಾಗಲಿ, ಕುಷ್ಟಗಿಯ ಒಳಭಾಗದ ಹಳ್ಳಿಯಿಂದಾಗಲಿ ಅಲ್ಲಿಗೆ ಹೋಗಿ ಒಂದು ತರಬೇತಿ ಮುಗಿಸಿಕೊಂಡು ಬರುವುದೆಂದರೆ ಶಾಲೆಯ ಒಂದು ಇಡೀ ದಿನ ಹೋದಂತೆ. ಇಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಆ ದಿನ ಉಳಿದವರೊಬ್ಬರೇ ಎಲ್ಲ ತರಗತಿಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ತರಬೇತಿಗಳು ಬೇಕೇ ಬೇಕು, ಆದರೆ ಅವು ವರ್ಷದಲ್ಲಿ ಕೆಲವೇ ದಿನಗಳ ಮಾತು. ಉಳಿದೆಲ್ಲ ದಿನಗಳಲ್ಲಿ ಭಾಷೆ ಕಲಿಸುವವರು ತಮ್ಮ ಪಾಠ ಹೇಗೆ ಸಾಗುತ್ತಿದೆ ಎಂಬುದನ್ನು ತಾವೇ ಗಮನಿಸಿ, ತಾವೇ ತಿದ್ದಿಕೊಳ್ಳಬೇಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿಪರ ಬೆಳವಣಿಗೆಗೆ ಕೊಡಬೇಕೆಂದು, ಅದು ಅವರವರ ಆಸಕ್ತಿಯಿಂದಲೇ ಮೂಡಬೇಕೆಂದು ಹೇಳುತ್ತದೆ.

ಈ ಬರಹ ಆ ಸ್ವಂತ ಕಲಿಕೆಯ ಸಾಧನಗಳ ಬಗ್ಗೆ. ಸಾಧನ ಎಂದೊಡನೆ ಆ್ಯಪ್, ಆನ್‌ಲೈನ್ ಕೋರ್ಸ್, ಪ್ರಮಾಣಪತ್ರ ಇವೇ ನೆನಪಿಗೆ ಬರುತ್ತವೆ. ಅವುಗಳಿಗೂ ಇಲ್ಲಿ ಜಾಗವಿದೆ. ಆದರೆ ಭಾಷಾ ಶಿಕ್ಷಕರಿಗೆ ಅತಿ ಹೆಚ್ಚು ಕಲಿಸುವ ಸಾಮಗ್ರಿ ಅವರ ತರಗತಿಯಲ್ಲೇ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಪಾಠ ಮಾಡುವಾಗಿನ ನಮ್ಮದೇ ಧ್ವನಿ, ಮಗು ಗಟ್ಟಿಯಾಗಿ ಓದಿದ ಒಂದು ಪುಟ, ಅದು ಬರೆದ ಎಂಟು ಸಾಲು, ಇವೇ ಆ ಸಾಮಗ್ರಿ. ಆದ್ದರಿಂದ ಇವುಗಳನ್ನು ಕ್ರಮವಾಗಿ ಕಲೆಹಾಕಿ ಓದುವುದು ಹೇಗೆ ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಪ್ರಶ್ನೆ ಬರೆದುಕೊಳ್ಳಿ

ಯಾವ ಸಾಧನವನ್ನು ಕೈಗೆತ್ತಿಕೊಳ್ಳುವ ಮೊದಲೂ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಅದರ ಮೊದಲ ಪುಟದಲ್ಲಿ ಒಂದೇ ಒಂದು ಪ್ರಶ್ನೆ ಬರೆಯಿರಿ. ‘ನನ್ನ ಮಕ್ಕಳಿಗೆ ಓದಲು ಬರುವುದಿಲ್ಲ’ ಎನ್ನುವುದು ದೂರು; ಅದಕ್ಕೆ ಉತ್ತರ ಹುಡುಕುವ ದಾರಿಯೇ ಇಲ್ಲ. ‘ನಾಲ್ಕನೇ ತರಗತಿಯ ಈ ಆರು ಮಕ್ಕಳು ಎಡವುವುದು ಒತ್ತಕ್ಷರ ಬಂದ ಕಡೆಯೋ, ಪದ ಉದ್ದವಾದ ಕಡೆಯೋ, ಅಥವಾ ಅರ್ಥ ಗೊತ್ತಿಲ್ಲದ ಪದ ಬಂದ ಕಡೆಯೋ?’ ಎನ್ನುವುದು ಪ್ರಶ್ನೆ, ಏಕೆಂದರೆ ಎರಡು ವಾರ ಗಮನಿಸಿದರೆ ಅದಕ್ಕೆ ಉತ್ತರ ಸಿಗುತ್ತದೆ ಮತ್ತು ಉತ್ತರ ಸಿಕ್ಕ ಮೇಲೆ ಪಾಠದಲ್ಲಿ ಏನನ್ನು ಬದಲಿಸಬೇಕೆಂಬುದೂ ಗೊತ್ತಾಗುತ್ತದೆ. ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರಾದರೆ ‘ನಾನು ಕೇಳುವ ಪ್ರಶ್ನೆಗಳಿಗೆ ಒಂದೇ ಪದದಲ್ಲಿ ಅಲ್ಲದೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುವವರು ಎಷ್ಟು ಮಂದಿ?’ ಎಂದು ಕೇಳಿಕೊಳ್ಳಬಹುದು. ಪ್ರಶ್ನೆ ಚಿಕ್ಕದಾಗಿರಲಿ, ನಿಮ್ಮ ತರಗತಿಯ ಹೆಸರು ಹಿಡಿದು ಕೇಳುವಂತಿರಲಿ, ಮತ್ತು ಒಂದು ತಿಂಗಳಾದರೂ ಅದನ್ನು ಬದಲಿಸಬೇಡಿ.

ಪ್ರತಿದಿನ ಅದೇ ನೋಟ್‌ಬುಕ್ಕಿನಲ್ಲಿ ಎರಡು ಮೂರು ಸಾಲು ಬರೆದರೆ ಸಾಕು. ‘ಪಾಠ ಚೆನ್ನಾಗಿ ಆಯಿತು’ ಎಂಬಂಥ ವಾಕ್ಯ ಬರೆಯುವುದಕ್ಕಿಂತ ಕಂಡದ್ದನ್ನು, ಕೇಳಿದ್ದನ್ನು ಇದ್ದ ಹಾಗೆ ಬರೆಯಿರಿ. ಮಗು ಆಡಿದ ಮಾತನ್ನು ಅದೇ ಮಾತಿನಲ್ಲಿ ಬರೆದಿಟ್ಟರೆ ಮೂರು ವಾರ ಕಳೆದು ಓದಿದಾಗ ಅದರಲ್ಲಿ ಹೊಸದೇನೋ ಕಾಣುತ್ತದೆ. ‘ಚೆನ್ನಾಗಿ ಆಯಿತು’ ಎಂಬುದರಿಂದ ಏನೂ ಕಾಣುವುದಿಲ್ಲ.

ಪಾಠದ ಧ್ವನಿಮುದ್ರಣ

ಎಲ್ಲ ಸ್ಮಾರ್ಟ್‌ಫೋನುಗಳಲ್ಲೂ ಧ್ವನಿ ರೆಕಾರ್ಡ್ ಮಾಡುವ ಸೌಲಭ್ಯವಿದೆ, ಮತ್ತು ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಮೊದಲು ಮುಖ್ಯ ಶಿಕ್ಷಕರಿಗೆ ತಿಳಿಸಿ, ಪೋಷಕರ ಸಭೆಯಲ್ಲಿ ಉದ್ದೇಶವನ್ನು ಹೇಳಿ ಒಪ್ಪಿಗೆ ಪಡೆಯಿರಿ. ಇದು ನನ್ನ ಪಾಠವನ್ನು ನಾನು ತಿದ್ದಿಕೊಳ್ಳುವುದಕ್ಕೆ ಮಾತ್ರ, ಯಾರಿಗೂ ಕಳುಹಿಸುವುದಿಲ್ಲ, ಕೆಲಸ ಮುಗಿದ ಮೇಲೆ ಅಳಿಸುತ್ತೇನೆ ಎಂಬ ಮಾತನ್ನು ಕೊಡಬೇಕು ಮತ್ತು ಉಳಿಸಿಕೊಳ್ಳಬೇಕು. ವಿಡಿಯೊ ಬೇಡ. ಕ್ಯಾಮೆರಾ ಕಂಡರೆ ಮಕ್ಕಳೂ ಬದಲಾಗುತ್ತಾರೆ, ನಾವೂ ಬದಲಾಗುತ್ತೇವೆ. ಭಾಷಾ ಪಾಠಕ್ಕೆ ಬೇಕಾದದ್ದರಲ್ಲಿ ಬಹುಪಾಲು ಧ್ವನಿಯಲ್ಲೇ ಇರುತ್ತದೆ.

ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮೇಜಿನ ಮೇಲಿಡದೆ ಎರಡನೇ ಅಥವಾ ಮೂರನೇ ಸಾಲಿನ ಮಕ್ಕಳ ನಡುವೆ ಒಂದು ಬಟ್ಟೆಯ ಮೇಲಿಡಿ. ಮೇಜಿನ ಮೇಲಿಟ್ಟರೆ ನಮ್ಮ ದನಿಯೊಂದೇ ಕೇಳಿಸುತ್ತದೆ, ಮಕ್ಕಳ ಮಾತು ಗದ್ದಲವಾಗಿ ಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಫ್ಯಾನ್ ನಿಲ್ಲಿಸಿ ಪಾಠ ಮಾಡಲಾಗದು, ಹಾಗಾಗಿ ಫ್ಯಾನಿನ ನೇರ ಕೆಳಗೆ ಮಾತ್ರ ಇಡಬೇಡಿ. ಮೊದಲ ಕೆಲವು ದಿನ ಸುಮ್ಮನೆ ಇಟ್ಟುಬಿಡಿ. ಮಕ್ಕಳಿಗೆ ಅದು ಅಲ್ಲಿರುವುದು ಮರೆತುಹೋದ ಮೇಲೆ ಸಿಗುವ ಮುದ್ರಣವೇ ಕೆಲಸಕ್ಕೆ ಬರುವುದು.

ನಲವತ್ತು ನಿಮಿಷದ ಪಾಠವನ್ನು ಪೂರ್ತಿ ಕೇಳಲು ಹೋಗಬೇಡಿ, ಎರಡನೇ ದಿನಕ್ಕೇ ಬೇಸರ ಬರುತ್ತದೆ. ಮಕ್ಕಳೊಂದಿಗೆ ಪ್ರಶ್ನೋತ್ತರ ನಡೆದ ಐದು ನಿಮಿಷಗಳನ್ನು ಆರಿಸಿಕೊಳ್ಳಿ. ಆ ಐದು ನಿಮಿಷಗಳನ್ನು ಮೂರು ಬಗೆಯಲ್ಲಿ ಕೇಳಬಹುದು.

ಮೊದಲನೆಯದು ಯಾರು ಎಷ್ಟು ಮಾತಾಡಿದರು ಎಂಬ ಲೆಕ್ಕ. ಬಿ.ಎಡ್. ಓದಿದವರಿಗೆ ಫ್ಲ್ಯಾಂಡರ್ಸ್ ಹೆಸರು ನೆನಪಿರುತ್ತದೆ. ತರಗತಿಯ ಮಾತುಕತೆಯನ್ನು ಹತ್ತು ವರ್ಗಗಳಾಗಿ ವಿಂಗಡಿಸಿ, ಮೂರು ಮೂರು ಸೆಕೆಂಡಿಗೆ ಒಂದು ಗುರುತು ಹಾಕುವ ಪದ್ಧತಿ ಅವರದು. ಅದರಲ್ಲಿ ಏಳು ವರ್ಗ ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಒಂದು ಮೌನ ಅಥವಾ ಗೊಂದಲಕ್ಕೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಟ್ಟ ಈ ಪದ್ಧತಿ ನಿಜಕ್ಕೂ ಬಹಳ ಉಪಯುಕ್ತ. ಒಬ್ಬರೇ ಮಾಡಿಕೊಳ್ಳುವಾಗ ಹತ್ತು ವರ್ಗ ಬೇಕಿಲ್ಲ, ನಾಲ್ಕು ಸಾಕು: ನಾನು, ಒಂದು ಮಗು, ಮಕ್ಕಳೆಲ್ಲ ಒಟ್ಟಿಗೆ, ಮೌನ. ಐದು ನಿಮಿಷಕ್ಕೆ ಮೂರು ಸೆಕೆಂಡಿನಂತೆ ಸರಿಯಾಗಿ ನೂರು ಗುರುತು ಬೀಳುವುದರಿಂದ ಶೇಕಡಾ ಲೆಕ್ಕ ತಾನಾಗಿಯೇ ಸಿಗುತ್ತದೆ. ಇಲ್ಲಿ ‘ಒಂದು ಮಗು’ ಮತ್ತು ‘ಎಲ್ಲರೂ ಒಟ್ಟಿಗೆ’ ಎಂಬ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸಬೇಕು. ‘ಅಲ್ವಾ?’ ಎಂದಾಗ ಕೇಳಿಬರುವ ‘ಹೌದ್ರೀ’ ಎಂಬ ಒಕ್ಕೊರಲಿನ ಉತ್ತರದಲ್ಲಿ ಯಾರಿಗೆ ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಎಂಬುದು ಮುಚ್ಚಿಹೋಗುತ್ತದೆ.

ಎರಡನೆಯದು ಕಾಯುವ ಸಮಯ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಯ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಅಷ್ಟರಲ್ಲೇ ಪ್ರಶ್ನೆಯನ್ನು ಮತ್ತೆ ಹೇಳುತ್ತಾರೆ ಅಥವಾ ಬೇರೆಯವರನ್ನು ಕೇಳುತ್ತಾರೆ ಎಂದು ತೋರಿಸಿದರು. ಆ ಬಿಡುವನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದಿರುವುದು ಕಡಿಮೆಯಾಯಿತು, ಹಿಂದೆ ಉಳಿದವರೆಂದು ಶಿಕ್ಷಕರು ಭಾವಿಸಿದ್ದ ಮಕ್ಕಳೂ ಮಾತಾಡತೊಡಗಿದರು. ಬಿಡುವು ಎರಡು ಕಡೆ ಬೇಕು ಎಂಬುದೂ ಅವರ ಮಾತು: ಪ್ರಶ್ನೆ ಕೇಳಿದ ಮೇಲೆ ಒಮ್ಮೆ, ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ. ಈ ಎರಡನೆಯದನ್ನು ನಾವು ಬಹುತೇಕ ಮರೆತೇಬಿಡುತ್ತೇವೆ. ಒಂದು ಮಾದರಿ ನೋಡಿ. ಗಿಡಗಳ ಬಗೆಗಿನ ಪಾಠದಲ್ಲಿ ಶಿಕ್ಷಕಿ ‘ಅಜ್ಜ ಯಾಕೆ ಬೇಸರ ಮಾಡಿಕೊಂಡ?’ ಎಂದು ಕೇಳುತ್ತಾರೆ. ಹುಡುಗಿ ‘ಗಿಡ ಕಡದ್ರಲ್ರಿ’ ಎನ್ನುತ್ತಾಳೆ. ಅಲ್ಲಿಗೆ ‘ವೆರಿ ಗುಡ್’ ಎಂದು ಮುಂದೆ ಹೋದರೆ ಮೂರು ಸೆಕೆಂಡಿನ ಒಂದು ಗುರುತಿಗೆ ಅವಳ ಮಾತು ಮುಗಿಯುತ್ತದೆ. ಶಿಕ್ಷಕಿ ಸುಮ್ಮನೆ ಅವಳನ್ನೇ ನೋಡುತ್ತ ನಿಂತರೆ ಮಾತು ಮುಂದುವರಿಯುತ್ತದೆ: ‘ನಮ್ಮ ಹೊಲದಾಗೂ ಬೇವಿನ ಗಿಡ ಕಡದ್ರಿ. ಈಗ ಉಣ್ಣಾಕ ಕುಂದ್ರಾಕ ನೆಳ್ಳ ಇಲ್ರಿ.’ ಪಾಠ ಅವಳ ಹೊಲಕ್ಕೆ ಹೋಗಿ ಮುಟ್ಟಿದ್ದು ಆ ಎರಡನೆಯ ಬಿಡುವಿನಲ್ಲಿ. ಧ್ವನಿಮುದ್ರಣ ಕೇಳುವಾಗ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತ ಈ ಎರಡೂ ಬಿಡುವುಗಳನ್ನು ಬರೆದುಕೊಳ್ಳಿ, ಮರುವಾರ ಮತ್ತೆ ಬರೆದುಕೊಳ್ಳಿ. ಬೇರೆ ಯಾವ ಬದಲಾವಣೆಯೂ ಇಷ್ಟು ಬೇಗ ಫಲ ಕೊಟ್ಟದ್ದನ್ನು ನಾನು ಕಂಡಿಲ್ಲ.

ಮೂರನೆಯದು ತಿದ್ದುವ ರೀತಿ. ಇದು ಇಂಗ್ಲಿಷ್, ಹಿಂದಿ ಶಿಕ್ಷಕರಿಗೂ, ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿಯುವ ಮಕ್ಕಳ ಶಿಕ್ಷಕರಿಗೂ ಮುಖ್ಯ. ಮಗು ‘ಹಿ ಗೋ ಟು ಸಿಂಧನೂರ್’ ಎಂದಾಗ ನಾವು ‘ಯೆಸ್, ಹಿ ಗೋಸ್ ಟು ಸಿಂಧನೂರ್’ ಎಂದು ಸರಿಪಡಿಸಿ ಹೇಳಿ ಮುಂದೆ ಹೋಗುತ್ತೇವೆ. ಲಿಸ್ಟರ್ ಮತ್ತು ರಾಂಟಾ ಎಂಬ ಸಂಶೋಧಕರು ಕೆನಡಾದ ಫ್ರೆಂಚ್ ತರಗತಿಗಳನ್ನು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವೇ. ಆದರೆ ಮಕ್ಕಳು ಅದಕ್ಕೆ ಸ್ಪಂದಿಸಿದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಂದರ್ಭಗಳಲ್ಲಿ. ತಮ್ಮ ಉತ್ತರ ಸರಿಯಾಗಿದೆ, ಶಿಕ್ಷಕರು ಅದನ್ನೇ ಮತ್ತೆ ಹೇಳಿದರು ಎಂದು ಮಗು ಭಾವಿಸುವುದು ಸಹಜ. ಬದಲಿಗೆ ‘ಹಿ…?’ ಎಂದು ಅರ್ಧಕ್ಕೆ ನಿಲ್ಲಿಸಿ ಮಗುವೇ ಪೂರ್ತಿ ಮಾಡುವಂತೆ ಮಾಡಿದರೆ ತಿದ್ದುವ ಕೆಲಸ ಮಗುವಿನದಾಗುತ್ತದೆ. ನಿಮ್ಮ ಐದು ನಿಮಿಷದಲ್ಲಿ ಎಷ್ಟು ತಿದ್ದುಪಡಿಗಳು ಬಂದವು, ಅವುಗಳಲ್ಲಿ ಎಷ್ಟರ ನಂತರ ಮಗು ತಾನೇ ಸರಿಯಾದ ರೂಪವನ್ನು ಹೇಳಿತು ಎಂದು ಎಣಿಸಿ ನೋಡಿ.

ಧ್ವನಿಯಿಂದ ಬರಹಕ್ಕೆ ಇಳಿಸಲು ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಬಳಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಒಬ್ಬರೇ ಕುಳಿತು ಶಿಷ್ಟ ಕನ್ನಡದಲ್ಲಿ ಮಾತಾಡಿದರೆ ಅದು ಚೆನ್ನಾಗಿ ಬರೆದುಕೊಳ್ಳುತ್ತದೆ. ಮೂವತ್ತು ಮಕ್ಕಳ ದನಿಯನ್ನು, ‘ಕುಂದ್ರಾಕ’ ಎಂಬ ನಮ್ಮ ಮಾತನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಕೈಯಿಂದಲೇ ಬರೆಯಿರಿ. ಐದು ನಿಮಿಷದ ಮಾತು ಬರೆಯಲು ಸುಮಾರು ಮುಕ್ಕಾಲು ಗಂಟೆ ಬೇಕಾಗಬಹುದು, ಆದರೆ ಬರೆಯುವಾಗಲೇ ತರಬೇತಿಯ ಬಹುಪಾಲು ಆಗಿಹೋಗಿರುತ್ತದೆ.

ಓದಿನ ದಾಖಲೆ

ಒಂದು ಮಗು ಗಟ್ಟಿಯಾಗಿ ಓದುವಾಗ ಅದು ಓದಿದ್ದನ್ನೆಲ್ಲ ಪದ ಪದವಾಗಿ ಗುರುತು ಹಾಕಿಕೊಳ್ಳುವ ಪದ್ಧತಿಯನ್ನು ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದರು. ಮಾಡುವುದು ಸುಲಭ. ಸುಮಾರು ನೂರು ಪದಗಳ ಒಂದು ಭಾಗವನ್ನು ಆರಿಸಿ ಎರಡು ಪ್ರತಿ ಮಾಡಿಕೊಳ್ಳಿ, ಒಂದು ಮಗುವಿಗೆ, ಇನ್ನೊಂದು ನಿಮಗೆ. ಸರಿಯಾಗಿ ಓದಿದ ಪದದ ಮೇಲೆ ಒಂದು ಗೆರೆ. ಬೇರೆ ಪದ ಓದಿದರೆ ಆ ಪದವನ್ನೇ ಮೇಲೆ ಬರೆಯಿರಿ. ಬಿಟ್ಟರೆ ಸುತ್ತು ಹಾಕಿ. ತಾನೇ ತಿದ್ದಿಕೊಂಡರೆ ‘ಸ್ವ’ ಎಂದು ಬರೆಯಿರಿ ಮತ್ತು ಅದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬೇಡಿ. ಓದುವಾಗ ನಡುವೆ ಬಾಯಿ ಹಾಕಬಾರದು, ಇದೊಂದೇ ಕಷ್ಟದ ನಿಯಮ. ಓದು ಮುಗಿದ ಮೇಲೆ ‘ಏನಾಯಿತು, ಹೇಳು’ ಎಂದು ಕೇಳಿ ಮಗು ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆದುಕೊಳ್ಳಿ. ದಿನಕ್ಕೆ ಎರಡು ಮಕ್ಕಳಂತೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಾಡಿದರೂ ತಿಂಗಳಲ್ಲಿ ಇಡೀ ತರಗತಿ ಮುಗಿಯುತ್ತದೆ.

ನೂರರಲ್ಲಿ 95 ಅಥವಾ ಅದಕ್ಕಿಂತ ಹೆಚ್ಚು ಪದ ಸರಿಯಿದ್ದರೆ ಆ ಪಠ್ಯವನ್ನು ಮಗು ತಾನೇ ಓದಬಲ್ಲದು, 90ರಿಂದ 94ರವರೆಗೆ ಇದ್ದರೆ ಶಿಕ್ಷಕರ ನೆರವಿನಿಂದ ಕಲಿಯಲು ತಕ್ಕದ್ದು, 90ಕ್ಕಿಂತ ಕಡಿಮೆಯಾದರೆ ಕಠಿಣ ಎಂಬುದು ಆ ಪದ್ಧತಿಯ ಅಳತೆ. ಇದು ಇಂಗ್ಲಿಷ್ ಓದಿಗಾಗಿ ಹುಟ್ಟಿದ ಅಳತೆ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುವುದರಿಂದ ‘ಮನೆಯವರಿಂದಲೇ’ ಎಂಬ ಒಂದು ಪದ ಬೇರೆ ಭಾಷೆಯ ಮೂರು ನಾಲ್ಕು ಪದಗಳ ಭಾರವನ್ನು ಹೊರುತ್ತದೆ. ಅದರ ಕೊನೆಯ ಒಂದು ಅಕ್ಷರ ತಪ್ಪಿದರೂ ಇಡೀ ಪದ ತಪ್ಪಿನ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಈ ಶೇಕಡಾವಾರನ್ನು ಅಂದಾಜಿಗೆ ಮಾತ್ರ ಇಟ್ಟುಕೊಂಡು, ಜುಲೈಯಲ್ಲಿ ಓದಿದ ಮಗುವನ್ನು ನವೆಂಬರಿನಲ್ಲಿ ಓದುವ ಅದೇ ಮಗುವಿನೊಂದಿಗೆ ಹೋಲಿಸುವುದು ಒಳ್ಳೆಯದು. ತಪ್ಪು ಪದದ ಯಾವ ಭಾಗದಲ್ಲಿ ಬಿತ್ತು ಎಂಬುದನ್ನೂ ಬರೆದುಕೊಳ್ಳಿ: ಮೊದಲಕ್ಷರ ನೋಡಿ ಊಹಿಸಿತೇ, ಒತ್ತಕ್ಷರದಲ್ಲಿ ನಿಂತಿತೇ, ದೀರ್ಘವನ್ನು ಹ್ರಸ್ವ ಮಾಡಿತೇ, ಪ್ರತ್ಯಯವನ್ನು ನುಂಗಿತೇ? ನಾಲ್ಕಕ್ಕೂ ಪರಿಹಾರ ಬೇರೆ ಬೇರೆ.

ನಮ್ಮ ಜಿಲ್ಲೆಗಳಲ್ಲಿ ಈ ದಾಖಲೆಯನ್ನು ಓದುವುದಕ್ಕೆ ಇನ್ನೊಂದು ತಿಳಿವಳಿಕೆ ಬೇಕು. ‘ಮನೆ’ ಎಂದು ಬರೆದಿರುವುದನ್ನು ಮಗು ‘ಮನಿ’ ಎಂದು ಓದಿದರೆ ಅದು ತಪ್ಪೇ? ‘ಶಾಲೆ’ಯನ್ನು ‘ಶಾಲಿ’, ‘ಎಲೆ’ಯನ್ನು ‘ಎಲಿ’ ಎಂದರೆ? ಈ ಮಗು ಅಕ್ಷರವನ್ನು ಗುರುತಿಸಿದೆ, ಅರ್ಥವನ್ನು ಹಿಡಿದಿದೆ, ತನ್ನ ಮನೆಯ ಮಾತಿನಲ್ಲಿ ಅದನ್ನು ಉಚ್ಚರಿಸಿದೆ. ಅರ್ಥ ತಿಳಿಯದೆ ಯಾಂತ್ರಿಕವಾಗಿ ‘ಮ-ನೆ’ ಎಂದು ಬಿಡಿಸಿ ಓದುವ ಮಗುವಿಗಿಂತ ಇದು ಮುಂದಿದೆ. ಇದನ್ನು ತಪ್ಪೆಂದು ಎಣಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಬಣ್ಣದಲ್ಲಿ ಬರೆದುಕೊಳ್ಳಿ, ಬರವಣಿಗೆಯಲ್ಲಿ ಶಿಷ್ಟ ರೂಪವನ್ನು ಕಲಿಸುವಾಗ ಅದು ನೆರವಿಗೆ ಬರುತ್ತದೆ.

ಮನೆಮಾತು ಬೇರೆಯಾದ ಮಕ್ಕಳ ದಾಖಲೆಯಂತೂ ಇನ್ನೂ ಹೆಚ್ಚು ಕಲಿಸುತ್ತದೆ. ರಾಯಚೂರು ನಗರದಲ್ಲಿ, ಮಾನ್ವಿಯಲ್ಲಿ ಉರ್ದು ಮನೆಮಾತಿನ ಮಗು ‘ಮಳೆ’ಯನ್ನು ‘ಮಲೆ’ ಎಂದು, ‘ಹಣ್ಣು’ ಎಂಬುದನ್ನು ‘ಹನ್ನು’ ಎಂದು ಓದಿದರೆ ಅಕ್ಷರ ಗೊತ್ತಿಲ್ಲವೆಂದು ತಿಳಿಯಬೇಡಿ. ಉರ್ದುವಿನಲ್ಲಿ ಳಕಾರ, ಣಕಾರಗಳ ಧ್ವನಿಯೇ ಇಲ್ಲ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಮಕ್ಕಳಿಗೆ ಇವೆರಡರ ಜೊತೆ ವ ಮತ್ತು ಬ ಒಂದಾಗುತ್ತವೆ, ಹಾಗಾಗಿ ‘ವನ’ ಎಂಬುದು ‘ಬನ’ ಆಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಗಂಗಾವತಿ, ಕಾರಟಗಿ, ಸಿಂಧನೂರುಗಳ ಕ್ಯಾಂಪುಗಳಲ್ಲಿರುವ ತೆಲುಗು ಮನೆಮಾತಿನ ಮಕ್ಕಳಿಗೆ ಎರಡೂ ಲಿಪಿಗಳು ಒಂದೇ ಮೂಲದವಾದ್ದರಿಂದ ಮನೆಯವರ ನೆರವಿನಿಂದ ಅಕ್ಷರ ಬೇಗ ಬರಬಹುದು. ಅವರು ಎಡವುವುದು ಮಾತಾಡುವಾಗ, ‘ಅಲ್ಲಿ’ ಇರಬೇಕಾದ ಕಡೆ ‘ಲೋ’, ‘ಗೆ’ ಇರಬೇಕಾದ ಕಡೆ ‘ಕಿ’ ಇಣುಕಿದಾಗ. ತಾಂಡಾದ ಲಂಬಾಣಿ ಮಗುವಿನ ಸಂಗತಿ ಬೇರೆ. ಅದಕ್ಕೆ ಳ, ಣ ಎರಡೂ ಸಲೀಸು, ನಿಖರವಾಗಿ ಓದಿಬಿಡುತ್ತದೆ, ಆದರೆ ‘ಏನಾಯಿತು, ಹೇಳು’ ಎಂದಾಗ ಸುಮ್ಮನಾಗುತ್ತದೆ. ಆಗ ಅದರ ಮನೆಮಾತಿನಲ್ಲೇ ಹೇಳಲು ಬಿಡಿ, ದೊಡ್ಡ ತರಗತಿಯ ಇನ್ನೊಂದು ಮಗು ಕನ್ನಡದಲ್ಲಿ ತಿಳಿಸಲಿ. ಕಥೆ ಗೊತ್ತಾಗಿ ಕನ್ನಡದಲ್ಲಿ ಹೇಳಲು ಬರುವುದಿಲ್ಲವೋ, ಕಥೆಯೇ ಗೊತ್ತಾಗಿಲ್ಲವೋ ಎಂಬುದು ಆಗ ಸ್ಪಷ್ಟವಾಗುತ್ತದೆ. ಯಾವ ರಾಜ್ಯಮಟ್ಟದ ತರಬೇತಿಯೂ ನಿಮ್ಮ ಶಾಲೆಯ ಮನೆಮಾತುಗಳ ಈ ನಕ್ಷೆಯನ್ನು ಮಾಡಿಕೊಡಲಾರದು, ಅದನ್ನು ನೀವೇ ಮಾಡಿಕೊಳ್ಳಬೇಕು.

ಇಷ್ಟು ವಿವರವಾಗಿ ಮಾಡಲು ಬಿಡುವಿಲ್ಲದಾಗ ಅಸರ್ ಸಮೀಕ್ಷೆಯ ಓದಿನ ಪರಿಕರವನ್ನು ಬಳಸಬಹುದು. 2005ರಿಂದ ನಡೆಯುತ್ತಿರುವ ಆ ಸಮೀಕ್ಷೆಯ ಕನ್ನಡ ಹಾಳೆಯಲ್ಲಿ ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ಪ್ಯಾರಾ, ಎರಡನೇ ತರಗತಿಯ ಮಟ್ಟದ ಕಥೆ ಇರುತ್ತವೆ. ಮಗುವೊಂದಕ್ಕೆ ಕೆಲವೇ ನಿಮಿಷಗಳು ಸಾಕು. ಮಗು ಎಲ್ಲಿದೆ ಎಂದು ಅದು ಹೇಳುತ್ತದೆ, ಏಕೆ ಅಲ್ಲಿ ನಿಂತಿದೆ ಎಂಬುದಕ್ಕೆ ಓದಿನ ದಾಖಲೆಗೇ ಮರಳಬೇಕು.

ಬರಹದ ಮಾದರಿ

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಹತ್ತು ಮಕ್ಕಳ ಸ್ವಂತ ಬರಹ ತೆಗೆದುಕೊಳ್ಳಿ, ಬೋರ್ಡಿನಿಂದ ನಕಲು ಮಾಡಿದ್ದು ಬೇಡ. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದದೆ, ಒಂದು ಹಾಳೆಯಲ್ಲಿ ಬಗೆಬಗೆಯಾಗಿ ಗುಂಪು ಮಾಡಿ. 1967ರಲ್ಲಿ ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ ಮಾಡಿದ ಒಂದು ವಿಂಗಡಣೆ ಇಲ್ಲಿ ಉಪಕಾರಿ: ಗೊತ್ತಿದ್ದೂ ಕೈತಪ್ಪಿ ಆದದ್ದು ಒಂದು, ಮಗು ಮನಸ್ಸಿನಲ್ಲಿ ಕಟ್ಟಿಕೊಂಡಿರುವ ನಿಯಮವೇ ಬೇರೆಯಾಗಿರುವುದರಿಂದ ಆದದ್ದು ಇನ್ನೊಂದು. ಗುರುತಿಸುವುದು ಹೇಗೆಂದರೆ, ಆ ವಾಕ್ಯವನ್ನು ಮಗುವೇ ಗಟ್ಟಿಯಾಗಿ ಓದಲಿ. ಓದುವಾಗ ತಾನೇ ತಿದ್ದಿದರೆ ಅದು ಕೈತಪ್ಪು, ಪಾಠ ಬೇಕಿಲ್ಲ. ತಿದ್ದದಿದ್ದರೆ, ಮತ್ತು ಅದೇ ತಪ್ಪು ನಾಲ್ಕಾರು ಮಕ್ಕಳಲ್ಲಿ ಕಂಡರೆ, ಮುಂದಿನ ವಾರದ ಪಾಠ ಯಾವುದೆಂದು ನಿಮಗೆ ಗೊತ್ತಾಯಿತು.

ಕೋರ್ಸುಗಳು ಮತ್ತು ಸಾಮಗ್ರಿ

ಪ್ರಶ್ನೆಯೂ ಸಾಕ್ಷ್ಯವೂ ಕೈಯಲ್ಲಿದ್ದಾಗ ಕೋರ್ಸುಗಳಿಗೆ ನಿಜವಾದ ಬೆಲೆ ಬರುತ್ತದೆ. 2017ರಲ್ಲಿ ಆರಂಭವಾದ, ಶಿಕ್ಷಕರಿಗೆ ಆನ್‌ಲೈನ್ ಕೋರ್ಸುಗಳನ್ನು ಕೊಡುವ ದೀಕ್ಷಾ ವೇದಿಕೆ ನಮ್ಮೆಲ್ಲರಿಗೂ ಪರಿಚಿತ. 2019ರಲ್ಲಿ ಮುಖಾಮುಖಿಯಾಗಿ ಶುರುವಾದ ನಿಷ್ಠಾ ತರಬೇತಿ 2020ರಲ್ಲಿ ಆನ್‌ಲೈನ್ ಆದದ್ದೂ ಅದರ ಮೇಲೆಯೇ. ವಿಡಿಯೊ ಓಡಿಸಿಟ್ಟು, ಕೊನೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಪ್ರಮಾಣಪತ್ರ ಪಡೆಯುವುದು ಸಾಧ್ಯ, ಆದರೆ ಅದು ನಮ್ಮ ಸಮಯಕ್ಕೂ ಮಕ್ಕಳಿಗೂ ಮಾಡುವ ಅನ್ಯಾಯ. ಒಂದು ಮಾಡ್ಯೂಲ್ ತೆರೆದಾಗ ನಿಮ್ಮ ನೋಟ್‌ಬುಕ್ಕಿನ ಪ್ರಶ್ನೆಗೆ ಸಂಬಂಧಿಸಿದ ಭಾಗವನ್ನು ಮೊದಲು ಹುಡುಕಿ, ಅದರಲ್ಲಿನ ಒಂದು ಚಟುವಟಿಕೆಯನ್ನು ಮರುದಿನವೇ ಮಾಡಿ, ಆ ಪಾಠದ ಐದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಊರಿನವರು ತಾಲ್ಲೂಕು ಕೇಂದ್ರಕ್ಕೆ ಹೋದಾಗ ಬೇಕಾದದ್ದನ್ನು ಡೌನ್‌ಲೋಡ್ ಮಾಡಿಕೊಂಡು ಬರಬಹುದು, ದೀಕ್ಷಾ ಆ್ಯಪ್‌ನಲ್ಲಿ ಅದಕ್ಕೆ ಅವಕಾಶವಿದೆ.

ಟೆಸ್-ಇಂಡಿಯಾ ಯೋಜನೆಯ ಘಟಕಗಳನ್ನು ಹೆಚ್ಚು ಶಿಕ್ಷಕರು ಬಳಸಬೇಕೆಂಬುದು ನನ್ನ ಆಸೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ನೇತೃತ್ವದಲ್ಲಿ ಸಿದ್ಧವಾದ ಇವು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಭಾಷೆ ಮತ್ತು ಸಾಕ್ಷರತೆಗೆ, ಪ್ರಾಥಮಿಕ ಹಾಗೂ ಪ್ರೌಢ ಹಂತದ ಇಂಗ್ಲಿಷಿಗೆ ಬೇರೆ ಬೇರೆ ಘಟಕಗಳಿವೆ. ಶಿಕ್ಷಕರು ತಾವಾಗಿಯೇ ಓದಿ, ತರಗತಿಯಲ್ಲಿ ಮಾಡಿ, ನಂತರ ‘ಏನಾಯಿತು’ ಎಂದು ಯೋಚಿಸುವಂತೆ ಅವುಗಳನ್ನು ಬರೆಯಲಾಗಿದೆ. ಮುದ್ರಿಸಿಕೊಂಡರೆ ಇಂಟರ್‌ನೆಟ್ಟಿನ ಹಂಗೇ ಇಲ್ಲ.

ಓದಿನ ದಾಖಲೆಗೆ ಹೊಸ ಹೊಸ ಪಠ್ಯ ಬೇಕಾದಾಗ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ನೋಡಿ. 2015ರಲ್ಲಿ ಆರಂಭವಾದ ಈ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡವಾಗಿವೆ, ಕನ್ನಡದ ಜೊತೆಗೆ ತೆಲುಗು, ಉರ್ದು, ಬಂಗಾಳಿಗಳಲ್ಲೂ ಇವೆ. ಒಂದೇ ಕಥೆ ಮಗುವಿನ ಮನೆಮಾತಿನಲ್ಲೂ ಕನ್ನಡದಲ್ಲೂ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಸ್ವಂತ ಭಾಷಾಜ್ಞಾನ ಬೆಳೆಸಿಕೊಳ್ಳಲು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದ ನಿಘಂಟುಗಳು ಮತ್ತು ಅಲರ್ ಕನ್ನಡ-ಇಂಗ್ಲಿಷ್ ನಿಘಂಟು ಫೋನಿನಲ್ಲಿ ಸದಾ ಇರಲಿ.

ಒಬ್ಬರಾದರೂ ಜೊತೆಗಾರರು

ಸ್ವಯಂ ತರಬೇತಿ ಎಂದರೆ ಏಕಾಂಗಿಯಾಗಿ ಮಾಡುವುದು ಎಂದು ಅರ್ಥವಲ್ಲ. ಪಕ್ಕದ ಶಾಲೆಯ ಒಬ್ಬ ಭಾಷಾ ಶಿಕ್ಷಕರನ್ನು ಜೊತೆ ಮಾಡಿಕೊಂಡು, ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ಬಂದಾಗ ಒಂದು ಗಂಟೆ ಮುಂಚೆ ಸೇರಿ. ಪೋಷಕರಿಗೆ ಕೊಟ್ಟ ಮಾತಿನಂತೆ ಧ್ವನಿಮುದ್ರಣ ನಿಮ್ಮಲ್ಲೇ ಉಳಿಯಲಿ; ಮಕ್ಕಳ ಹೆಸರು ತೆಗೆದು ಬರೆದುಕೊಂಡ ಐದು ನಿಮಿಷದ ಸಂಭಾಷಣೆಯನ್ನು ಮಾತ್ರ ಅವರ ಮುಂದಿಡಿ. ನೋಡುವವರಿಗೆ ಒಂದು ನಿಯಮ: ಮೊದಲು ಕಂಡದ್ದನ್ನು ಹೇಳಬೇಕು, ಆಮೇಲೆ ಕೇಳಬೇಕು, ಸಲಹೆಯನ್ನು ಕೇಳಿದರೆ ಮಾತ್ರ ಕೊಡಬೇಕು. ‘ಇಲ್ಲಿ ನಾಲ್ಕು ಸಲ ನೀವೇ ಉತ್ತರ ಹೇಳಿದ್ದೀರಿ, ಆ ಹೊತ್ತಿಗೆ ಏನು ಯೋಚಿಸುತ್ತಿದ್ದಿರಿ?’ ಎಂಬ ಪ್ರಶ್ನೆ ಹತ್ತು ಸಲಹೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹೀಗೆ ಬರೆದುಕೊಂಡ ಸಂಭಾಷಣೆ ಯಾವ ಕಾರಣಕ್ಕೂ ಯಾರದೇ ಮೌಲ್ಯಮಾಪನದ ಕಡತಕ್ಕೆ ಹೋಗಬಾರದು. ಹೋದ ದಿನವೇ ಶಿಕ್ಷಕರು ತಮ್ಮ ಒಳ್ಳೆಯ ಪಾಠಗಳನ್ನು ಮಾತ್ರ ರೆಕಾರ್ಡ್ ಮಾಡತೊಡಗುತ್ತಾರೆ.

ಒಂದು ನಿರ್ದಿಷ್ಟ ಕೌಶಲವನ್ನು, ಉದಾಹರಣೆಗೆ ಕಥೆಯನ್ನು ಪರಿಚಯಿಸುವ ಮೊದಲ ಆರು ನಿಮಿಷಗಳನ್ನು, ಅಭ್ಯಾಸ ಮಾಡಲು ಬಿ.ಎಡ್.ನಲ್ಲಿ ಕಲಿತ ಅಣುಬೋಧನೆ ಈಗಲೂ ಉಪಯುಕ್ತ. ಎನ್‌ಸಿಇಆರ್‌ಟಿ ಮಾದರಿಯಲ್ಲಿ ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6, ಒಟ್ಟು 36 ನಿಮಿಷ. ಇಬ್ಬರಿದ್ದರೂ ನಡೆಯುತ್ತದೆ.

ನನ್ನ ಬೆಳವಣಿಗೆಯ ಪಟ್ಟಿ

ಯೂರೋಪಿನಲ್ಲಿ ಭಾಷಾ ಶಿಕ್ಷಕರಾಗಲು ಓದುತ್ತಿರುವವರಿಗಾಗಿ, ಆಸ್ಟ್ರಿಯದ ಗ್ರಾಟ್ಸ್ ನಗರದ ಯೂರೋಪಿಯನ್ ಆಧುನಿಕ ಭಾಷೆಗಳ ಕೇಂದ್ರ 2007ರಲ್ಲಿ ಒಂದು ಪೋರ್ಟ್‌ಫೋಲಿಯೊ ಪ್ರಕಟಿಸಿತು. ಅದರಲ್ಲಿ ‘ನಾನು ಇದನ್ನು ಮಾಡಬಲ್ಲೆ’ ಎಂಬ ರೀತಿಯ ಹೇಳಿಕೆಗಳಿವೆ. ಪ್ರತಿಯೊಂದರ ಎದುರಿನ ಪಟ್ಟಿಯನ್ನು ಅಂಕ ಹಾಕದೆ, ತಾವು ಎಷ್ಟು ಮುಂದೆ ಬಂದಿದ್ದೇವೆ ಎನಿಸುತ್ತದೋ ಅಷ್ಟು ಬಣ್ಣ ತುಂಬುತ್ತ ಹೋಗಬೇಕು. ಅಲ್ಲಿನ ಹೇಳಿಕೆಗಳನ್ನೇ ಇಲ್ಲಿಗೆ ತರಬೇಕಿಲ್ಲ, ಬಣ್ಣ ತುಂಬುವ ಕ್ರಮವನ್ನು ತರಬಹುದು. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನಿಮ್ಮವೇ ಹತ್ತು ಹೇಳಿಕೆ ಬರೆಯಿರಿ: ‘ಮಗು ಉತ್ತರ ಹೇಳಿದ ಮೇಲೂ ಮೂರು ಸೆಕೆಂಡ್ ಕಾಯಬಲ್ಲೆ’, ‘ಮನೆಮಾತಿನ ಪ್ರಭಾವವನ್ನೂ ಓದಿನ ತಪ್ಪನ್ನೂ ಬೇರೆ ಮಾಡಿ ಗುರುತಿಸಬಲ್ಲೆ’, ‘ಒತ್ತಕ್ಷರಗಳನ್ನು ಕಥೆಯೊಳಗಿನಿಂದಲೇ ಕಲಿಸಬಲ್ಲೆ’. ಬಣ್ಣ ತುಂಬುವಾಗ ಪಕ್ಕದಲ್ಲಿ ದಿನಾಂಕವನ್ನೂ, ಯಾವ ಧ್ವನಿಮುದ್ರಣ ಅಥವಾ ಯಾವ ದಾಖಲೆ ನೋಡಿ ಹಾಗೆ ಅನಿಸಿತು ಎಂಬುದನ್ನೂ ಬರೆಯಿರಿ. ಸಾಕ್ಷ್ಯವಿಲ್ಲದಿದ್ದರೆ ಬಣ್ಣ ತುಂಬಬೇಡಿ.

ವರ್ಷದ ವೇಳಾಪಟ್ಟಿಯ ಬಗ್ಗೆ ಒಂದು ಮಾತು. ಜೂನ್ ತಿಂಗಳು ದಾಖಲಾತಿಯ ಗಡಿಬಿಡಿಗೆ ಹೋಗಲಿ. ಮೊದಲ ಸುತ್ತಿನ ಓದಿನ ದಾಖಲೆ ಜುಲೈಯಲ್ಲಿ, ಎರಡನೆಯದು ದಸರಾ ರಜೆ ಮುಗಿದ ಮೇಲೆ ನವೆಂಬರಿನಲ್ಲಿ, ಮೂರನೆಯದು ಫೆಬ್ರುವರಿಯಲ್ಲಿ ಇರಲಿ. ಈ ಕ್ರಮಕ್ಕೆ ಸಿಗದವರು ಗುಳೆ ಹೋಗುವ ಕುಟುಂಬಗಳ ಮಕ್ಕಳು. ಅಂಥ ಮಗು ಮರಳಿ ಬಂದ ವಾರದಲ್ಲೇ ಅದರ ದಾಖಲೆಯನ್ನು ಪ್ರತ್ಯೇಕವಾಗಿ ಮಾಡಿ, ಹೋಗುವ ಮೊದಲಿನ ಹಾಳೆಯ ಪಕ್ಕದಲ್ಲಿಟ್ಟು ನೋಡಿ, ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಪಾಠ ಶುರು ಮಾಡಿ. ಹೋಗುವ ಸುಳಿವು ಮೊದಲೇ ಸಿಕ್ಕರೆ ಆ ಹಾಳೆಯ ಒಂದು ಪ್ರತಿಯನ್ನು ಪೋಷಕರ ಕೈಗೆ ಕೊಟ್ಟು, ಹೋದ ಊರಿನ ಶಾಲೆಯ ಶಿಕ್ಷಕರಿಗೆ ತೋರಿಸಲು ಹೇಳಿ.